ಪರಂಗಿ: ಒಂದು ಹೆಸರಿನ ಮೂಲ ಮತ್ತು ಅರ್ಥ

ಇಂಗ್ಲೆಂಡಿನಿಂದ ಬಂದು ನಮ್ಮನ್ನು ಆಳಿದ ಜನರಿಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಗ್ರಾಂಥಿಕ ಬರವಣಿಗೆಯಲ್ಲಿ ಆಂಗ್ಲರು ಅಥವಾ ಆಂಗ್ಲೇಯರು, ಚರಿತ್ರೆಯ ಪುಸ್ತಕಗಳಲ್ಲಿ ಬ್ರಿಟಿಷರು, ಲಾವಣಿಗಳಲ್ಲಿ ಕುಂಪಣಿಯವರು, ಜನರ ಬಾಯಲ್ಲಿ ಪರಂಗಿಯವರು. ಮೊದಲ ಮೂರರ ವಿಷಯದಲ್ಲಿ ಓದುಗನಿಗೆ ಹೆಚ್ಚಿನ ತೊಡಕಿಲ್ಲ. ‘ಪರಂಗಿ’ಯ ಮಾತು ಹಾಗಲ್ಲ. ಇದು ನಮ್ಮ ಹಳೆಯ ಬರಹಗಳಲ್ಲಿಯೂ ಮೌಖಿಕ ಕಥನಗಳಲ್ಲಿಯೂ ಬಂದಾಗ, ಹಿಂದುಮುಂದು ನೋಡದೆ ‘ಬ್ರಿಟಿಷರು’ ಎಂದು ಅರ್ಥ ಬರೆದುಕೊಳ್ಳುವ ರೂಢಿ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈ ಸಮೀಕರಣದಿಂದ ಎಂಥ ಅನರ್ಥವಾಗಬಹುದು ಎಂಬುದಕ್ಕೆ ಕರಾವಳಿಯ ಇತಿಹಾಸವೇ ಸಾಕ್ಷಿ. ಉಳ್ಳಾಲದ ಚೌಟ ಮನೆತನದ ಜೈನ ರಾಣಿ ಅಬ್ಬಕ್ಕ 16ನೆಯ ಶತಮಾನದಲ್ಲಿ ಎದುರಿಸಿದ್ದು ಪರಂಗಿಗಳನ್ನು. ಗೇರುಸೊಪ್ಪೆಯ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರ ನಡೆಸಿದ್ದೂ ಪರಂಗಿಗಳೊಡನೆ, ಸೆಣಸಿದ್ದೂ ಅವರೊಡನೆಯೇ. ಆದರೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ದೊರೆತದ್ದು 1600ರ ಡಿಸೆಂಬರ್ 31ರಂದು. ಪರಂಗಿ ಎಂದರೆ ಬ್ರಿಟಿಷರು ಎಂದೇ ಹಿಡಿದರೆ, ಆ ಕಂಪನಿ ಹುಟ್ಟುವ ಮೊದಲೇ ಅಬ್ಬಕ್ಕ ಅದರೊಡನೆ ಯುದ್ಧ ಮಾಡಿದಳೆಂದು ಹೇಳಬೇಕಾಗುತ್ತದೆ.

ಆದ್ದರಿಂದ ಈ ಶಬ್ದದ ನಿಷ್ಪತ್ತಿಯನ್ನೂ ಅದು ಕಾಲಕಾಲಕ್ಕೆ ಯಾರನ್ನು ಸೂಚಿಸಿತು ಎಂಬುದನ್ನೂ ಪರಿಶೀಲಿಸುವುದು ಅಗತ್ಯ.

ಕನ್ನಡದ ಕಿವಿಗೆ ‘ಪರಂಗಿ’ ನಮ್ಮದೇ ಪದದಂತೆ ಕೇಳಿಸುತ್ತದೆ. ಪರ ಎಂದರೆ ಅನ್ಯ, ಅಂಗಿ ಎಂದರೆ ಉಡುಪು. ಬೇರೆ ಬಗೆಯ ಅಂಗಿ ತೊಟ್ಟವರು ಪರಂಗಿಗಳು ಎಂದು ಬಿಡಿಸಿಬಿಡುವ ಆಸೆಯಾಗುವುದು ಸಹಜ. ಪರಕೀಯರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಡವೆನ್ನಿಸುತ್ತದೆ. ಆದರೆ ಇದು ಜಾನಪದ ನಿಷ್ಪತ್ತಿಯ ಜಾತಿಗೆ ಸೇರಿದ್ದು, ಶಬ್ದಶಾಸ್ತ್ರ ಒಪ್ಪತಕ್ಕದ್ದಲ್ಲ. ಇದೇ ಶಬ್ದ ತಮಿಳು ಮಲಯಾಳಗಳಲ್ಲಿ ಪರಂಗಿಯಾಗಿ, ಮರಾಠಿ ಹಿಂದಿಗಳಲ್ಲಿ ಫಿರಂಗಿಯಾಗಿ, ಪಾರಸಿಯಲ್ಲಿ ಫರಂಗಿಯಾಗಿ, ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಫೆರೆಂಜಿಯಾಗಿ, ಥಾಯ್ ಭಾಷೆಯಲ್ಲಿ ಫರಾಂಗ್ ಆಗಿ ಇರುವಾಗ ಕನ್ನಡದ ಅಂಗಿಯನ್ನು ಇಷ್ಟೆಲ್ಲ ಜನರಿಗೆ ತೊಡಿಸಲು ಬರುವುದಿಲ್ಲ.

ಶಬ್ದದ ಮೂಲವಿರುವುದು ಯುರೋಪಿನ ಫ್ರಾಂಕ್ ಎಂಬ ಜನಾಂಗದ ಹೆಸರಿನಲ್ಲಿ. ಜರ್ಮಾನಿಕ್ ಮೂಲದ ಈ ಜನರ ಉಲ್ಲೇಖ ರೋಮನರ ಬರಹಗಳಲ್ಲಿ ಕ್ರಿಸ್ತಶಕ 3ನೆಯ ಶತಮಾನದಿಂದ ಸಿಗುತ್ತದೆ. ಇವರ ಹೆಸರು ಒಂದು ಬಗೆಯ ಈಟಿಯ ಹೆಸರಿನಿಂದ ಬಂದಿತೆಂದು ಹಲವರ ಮತ. ಇಂಗ್ಲಿಷಿನಲ್ಲಿ ‘ಫ್ರಾಂಕ್’ ಎಂದರೆ ಮುಚ್ಚುಮರೆಯಿಲ್ಲದ ಎಂಬ ಅರ್ಥವಿದೆ. ಅದು ಈ ಜನರ ಹೆಸರಿನಿಂದಲೇ ಹುಟ್ಟಿದ್ದು. ಅವರು ಗೆದ್ದ ಗಾಲ್ ದೇಶದಲ್ಲಿ ಸ್ವತಂತ್ರನೆನಿಸಿದವನು ಫ್ರಾಂಕನೇ ಆಗಿದ್ದನು. ಆ ಗಾಲ್ ದೇಶವೇ ಅವರ ಹೆಸರಿನಿಂದ ಫ್ರಾನ್ಸ್ ಆಯಿತು. ಅಂದರೆ ನಮ್ಮ ‘ಪರಂಗಿ’ ಶಬ್ದದ ಮೇಲೆ ನ್ಯಾಯವಾದ ಹಕ್ಕಿರುವುದು ಫ್ರೆಂಚರಿಗೆ, ಇಂಗ್ಲಿಷರಿಗಲ್ಲ.

1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕರೆ ಕೊಟ್ಟು ಆರಂಭವಾದ ಧರ್ಮಯುದ್ಧಗಳಲ್ಲಿ ಪಶ್ಚಿಮ ಯುರೋಪಿನ ನಾನಾ ನಾಡಿನವರು ಪಾಲ್ಗೊಂಡರು. ಜೆರುಸಲೇಮಿನತ್ತ ಬಂದ ಇವರನ್ನೆಲ್ಲ ಅರಬ್ಬರು ಒಟ್ಟಾಗಿ ‘ಇಫ್ರಂಜ್’ ಎಂದರು. ಈ ಹೆಸರು ಅವರಿಗೆ ಮೊದಲೇ ಪರಿಚಿತವಾಗಿತ್ತು; ಈಗ ಅದರ ವ್ಯಾಪ್ತಿ ಹಿಗ್ಗಿತು. ಪೂರ್ವದ ಬೈಜಾಂಟಿಯಮ್ಮಿನ ಕ್ರೈಸ್ತರು ಅವರಿಗೆ ‘ರೂಮ್’, ಪಶ್ಚಿಮದವರು ‘ಇಫ್ರಂಜ್’. ಒಂದು ಕುಲದ ಹೆಸರು ಒಂದು ಭೂಖಂಡದ ಜನರಿಗೆಲ್ಲ ಸಲ್ಲುವುದು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸತಾಗಬಾರದು. ಅಯೋನಿಯಾ ಎಂಬ ಚಿಕ್ಕ ಕಡಲಂಚಿನ ಗ್ರೀಕರನ್ನು ಪ್ರಾಚೀನ ಪಾರಸಿಕರು ‘ಯೌನ’ ಎಂದರು. ಸಂಸ್ಕೃತದಲ್ಲಿ ಅದು ‘ಯವನ’, ಅಶೋಕನ ಶಾಸನಗಳಲ್ಲಿ ‘ಯೋನ’, ಅರ್ಧಮಾಗಧಿ ಆಗಮಗಳು ಅಂತಃಪುರದ ಪರದೇಶಿ ದಾಸಿಯರನ್ನು ಹೆಸರಿಸುವಾಗ ‘ಜೋಣಿಯ’. ಮುಂದೆ ಗ್ರೀಕರೇ ಕಣ್ಮರೆಯಾದರೂ ಹೆಸರು ಉಳಿದು ಅರಬ್ಬರಿಗೂ ತುರುಕರಿಗೂ ಸಂದಿತು. ‘ಯವನ’ಕ್ಕೆ ಆದದ್ದೇ ‘ಪರಂಗಿ’ಗೂ ಆಯಿತು. ಹೊಸದಾಗಿ ಬಂದವನನ್ನು ಹೊಸ ಹೆಸರಿನಿಂದ ಕರೆಯುವ ಶ್ರಮವನ್ನು ಯಾವ ಭಾಷೆಯೂ ಸುಲಭವಾಗಿ ತೆಗೆದುಕೊಳ್ಳುವುದಿಲ್ಲ.

ಅರಬ್ಬೀ ಸಮುದ್ರದ ವ್ಯಾಪಾರ ಅರಬ್ಬರ ಮತ್ತು ಪಾರಸಿಕರ ಕೈಯಲ್ಲಿದ್ದ ಕಾಲದಲ್ಲಿ, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನು. ಆ ವರ್ತಕರಿಗೆ ಇವನ ಜಾತಿ ಯಾವುದೆಂಬ ಸಂದೇಹವಿರಲಿಲ್ಲ: ಇವನು ‘ಫರಂಗಿ’. ಪೋರ್ಚುಗೀಸರಿಗೂ ಪ್ರಾಚೀನ ಫ್ರಾಂಕರಿಗೂ ಸಂಬಂಧ ಅಷ್ಟಕ್ಕಷ್ಟೇ; ಆದರೂ ಹೆಸರು ಅಂಟಿತು. 1510ರಲ್ಲಿ ಆಲ್ಬುಕರ್ಕ್, ಹೊನ್ನಾವರದ ತಿಮ್ಮಯ್ಯನ ನೆರವಿನಿಂದ, ಗೋವೆಯನ್ನು ಬಿಜಾಪುರದವರಿಂದ ಕಿತ್ತುಕೊಂಡ ಮೇಲೆ ಕನ್ನಡ ನಾಡಿನ ಪಾಲಿಗೆ ಪರಂಗಿ ಎಂದರೆ ಗೋವೆಯ ಪೋರ್ಚುಗೀಸನು. ಮುಂದಿನ ಒಂದೂವರೆ ಶತಮಾನದ ಕನ್ನಡ ಕರಾವಳಿಯ ಚರಿತ್ರೆಯನ್ನು ಓದುವವರು ಈ ಅರ್ಥವನ್ನೇ ಹಿಡಿಯಬೇಕು. ಕೆಳದಿಯ ಶಿವಪ್ಪನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಿಂದ ಹೊರಗಟ್ಟಿದ ಪರಂಗಿಗಳು ಇವರೇ.

ಈ ಅರ್ಥ ಎಷ್ಟು ಖಚಿತವಾಗಿತ್ತೆಂಬುದಕ್ಕೆ ನೆರೆಯ ಮರಾಠಿಯಿಂದ ಒಂದು ಉತ್ತಮ ಆಧಾರವಿದೆ. ರಾಮಚಂದ್ರಪಂತ ಅಮಾತ್ಯನ ‘ಆಜ್ಞಾಪತ್ರ’ 18ನೆಯ ಶತಮಾನದ ಆದಿಯ ರಾಜನೀತಿಗ್ರಂಥ. ಅದರಲ್ಲಿ ಪರದೇಶಿ ವರ್ತಕರನ್ನು ಕುರಿತು ಎಚ್ಚರಿಸುವ ಭಾಗದಲ್ಲಿ ಫಿರಂಗಿ, ಇಂಗ್ರಜ, ವಲಂದೇಜ, ಫರಾಸೀಸ ಎಂದು ಬೇರೆಬೇರೆಯಾಗಿ ಹೆಸರಿಸಿದೆ. ಅಂದರೆ ಪೋರ್ಚುಗೀಸರು, ಇಂಗ್ಲಿಷರು, ಡಚ್ಚರು, ಫ್ರೆಂಚರು. ಇವರಿಗೆಲ್ಲ ಸಾಮಾನ್ಯವಾದ ಹೆಸರು ಅಲ್ಲಿ ಫಿರಂಗಿಯಲ್ಲ, ‘ಟೋಪೀಕರ’, ಅಂದರೆ ಟೋಪಿಯವರು. ಅಷ್ಟರಮಟ್ಟಿಗೆ ಫಿರಂಗಿಗೂ ಇಂಗ್ರಜನಿಗೂ ಭೇದವಿತ್ತು. ಸ್ವಾರಸ್ಯವೆಂದರೆ ನಿಜವಾದ ಫ್ರಾಂಕರ ವಂಶಕ್ಕೆ ಸೇರಿದ ಫ್ರೆಂಚರಿಗೆ ಇಲ್ಲಿ ಫರಾಸೀಸ ಎಂಬ ಬೇರೆ ಹೆಸರು. ಅವರ ಹೆಸರನ್ನು ಅಷ್ಟು ಹೊತ್ತಿಗಾಗಲೇ ಪೋರ್ಚುಗೀಸರು ಎತ್ತಿಕೊಂಡುಬಿಟ್ಟಿದ್ದರು.

ಇನ್ನು ಶಬ್ದದ ರೂಪವನ್ನು ಗಮನಿಸೋಣ. ಕನ್ನಡದಲ್ಲಿ ಒಂದೇ ಮೂಲದಿಂದ ಎರಡು ಶಬ್ದಗಳಾಗಿವೆ: ‘ಪರಂಗಿ’ ಎಂದರೆ ಮನುಷ್ಯ, ‘ಫಿರಂಗಿ’ ಎಂದರೆ ತೋಪು. ಇವೆರಡೂ ಒಂದೇ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ರೂಪಭೇದಕ್ಕೆ ಕಾರಣ ಎರಡು ಶಬ್ದಗಳೂ ಎರಡು ದಾರಿಗಳಲ್ಲಿ ಬಂದಿರುವುದು ಎಂದು ನನ್ನ ಊಹೆ. ಪರಂಗಿಯ ಮೊದಲ ಅಕ್ಷರದ ಅಕಾರ ಪಾರಸಿಯ ‘ಫರಂಗಿ’ಗೆ ಹತ್ತಿರ, ತಮಿಳು ಮಲಯಾಳಗಳಲ್ಲಿಯೂ ಇದೇ ರೂಪ. ಇದು ಬಂದರುಗಳ ಮೂಲಕ ಬಾಯಿಂದ ಬಾಯಿಗೆ ಹರಡಿದ್ದು. ಇಕಾರವುಳ್ಳ ‘ಫಿರಂಗಿ’ ದಖನಿ, ಮರಾಠಿಗಳಲ್ಲಿ ಬಳಕೆಯಲ್ಲಿರುವ ರೂಪ. ಇದು ಸೈನ್ಯದ, ದರಬಾರಿನ ಮಾತಾಗಿ ಬಡಗಣಿಂದ ಬಂದಿರಬೇಕು.

ಫಕಾರ ಪಕಾರವಾದುದಕ್ಕೆ ವಿವರಣೆ ಕಷ್ಟವಲ್ಲ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳ ಲಕ್ಷಣವನ್ನು ಹೇಳುವಾಗ ಮಹಾಪ್ರಾಣಗಳು ಅಲ್ಪಪ್ರಾಣಗಳಾಗುವುದನ್ನು ವಿವರಿಸಿದ್ದಾನೆ. ‘ಫಲಕ’ ಎಂಬುದು ‘ಪಲಗೆ’ಯಾದ ಬಗೆ ಇದು. ಪಾರಸಿಯ ಫಕಾರ ಸಂಸ್ಕೃತದ ಫಕಾರದಂತಹುದಲ್ಲ ನಿಜ. ಆದರೆ ಕನ್ನಡದ ನಾಲಗೆ ಎರಡನ್ನೂ ಒಂದೇ ರೀತಿ ನಡೆಸಿಕೊಂಡಿತು. ‘ಫೌಜ್’ ಎಂಬುದು ‘ಪೌಜು’ ಆಯಿತು, ‘ಫರಂಗಿ’ ‘ಪರಂಗಿ’ಯಾಯಿತು. ಕೇಶಿರಾಜನ ಸೂತ್ರ ಅವನು ಕಂಡು ಕೇಳದ ಭಾಷೆಯ ಪದಕ್ಕೂ ಅನ್ವಯಿಸುವುದು ಅವನ ದೃಷ್ಟಿಯ ಹಿರಿಮೆ.

ಇಲ್ಲಿಯೇ ಕಾಲನಿರ್ಣಯಕ್ಕೆ ನೆರವಾಗುವ ಇನ್ನೊಂದು ಅಂಶವಿದೆ. ‘ಪಲಗೆ’ ಅಲ್ಲಿಗೇ ನಿಲ್ಲದೆ ನಡುಗನ್ನಡದಲ್ಲಿ ‘ಹಲಗೆ’ಯಾಯಿತು, ‘ಪಾಲ್’ ‘ಹಾಲು’ ಆಯಿತು, ‘ಪರ್ವ’ದಿಂದ ಬಂದ ‘ಪಬ್ಬ’ ‘ಹಬ್ಬ’ವಾಯಿತು. ಪರಂಗಿ ಮಾತ್ರ ‘ಹರಂಗಿ’ಯಾಗಲಿಲ್ಲ. (ಕೊಡಗಿನ ಹಾರಂಗಿ ಹೊಳೆಗೂ ಇದಕ್ಕೂ ಸಂಬಂಧವಿಲ್ಲ.) ಕನ್ನಡದಲ್ಲಿ ಪದಾದಿಯ ಪಕಾರ ಹಕಾರವಾಗುವ ಕ್ರಿಯೆ ಮುಗಿದು ನೆಲೆಗೊಂಡ ಮೇಲೆ ಈ ಶಬ್ದ ನಮ್ಮಲ್ಲಿಗೆ ಬಂದಿತೆಂದು ಇದರಿಂದ ತಿಳಿಯಬಹುದು. ಅರಬ್ಬರು ನಮ್ಮ ಪಡುವಣ ಕರಾವಳಿಗೆ ಬಹು ಹಿಂದಿನಿಂದ ಬರುತ್ತಿದ್ದರು; ಆದರೆ ಅವರ ಈ ಶಬ್ದ ನಮಗೆ ಬೇಕಾದದ್ದು ಪರಂಗಿಯೇ ನಮ್ಮ ಕಡಲಿಗೆ ಬಂದಿಳಿದಾಗ. ಇದೊಂದನ್ನೇ ನಿರ್ಣಾಯಕ ಪ್ರಮಾಣವೆನ್ನಲಾಗದು, ತದ್ಭವವಾಗದೆ ಉಳಿದ ಪಕಾರಾದಿ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಆದರೂ ಭಾಷೆಯ ಸಾಕ್ಷ್ಯ ಚರಿತ್ರೆಯ ಸಾಕ್ಷ್ಯದೊಡನೆ ಹೊಂದಿಕೊಳ್ಳುತ್ತದೆ.

ಮನುಷ್ಯನ ಹೆಸರು ಆಯುಧಕ್ಕೆ ಬಂದದ್ದೂ ಆಗಲೇ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೋವಾವೊ ಡಿ ಫಿಗೆರೆಡೊ ಎಂಬುವನ ಕೈಕೆಳಗೆ ಪೋರ್ಚುಗೀಸ್ ಕೋವಿಕಾರರು ಕಾದಿದ ಸಂಗತಿಯನ್ನು ನೂನಿಜ್ ವಿವರಿಸಿದ್ದಾನೆ. 1526ರ ಪಾಣಿಪತ್ ಕಾಳಗದಲ್ಲಿ ತನ್ನ ಕಡೆಯಿಂದ ಹಾರಿಸಿದ ತೋಪುಗಳಿಗೆ ಬಾಬರ್ ಆತ್ಮಕಥೆಯಲ್ಲಿ ‘ಫಿರಂಗಿ’ ಎಂಬ ಹೆಸರನ್ನೇ ಬಳಸಿದ್ದಾನೆ. ಅತ್ತ ಚೀನಾದ ಮಿಂಗ್ ಅರಸರ ಕಾಲದಲ್ಲಿ ‘ಫೋಲಾಂಗ್‌ಜಿ’ ಎಂದರೆ ಪೋರ್ಚುಗೀಸನೂ ಹೌದು, ಅವನ ತೋಪೂ ಹೌದು. ಮಹಾರಾಷ್ಟ್ರದಲ್ಲಿ ‘ಫಿರಂಗ’ ಎಂದರೆ ಯುರೋಪಿನ ಅಲಗುಳ್ಳ ನೇರ ಕತ್ತಿ. ಏಷ್ಯಾದ ಉದ್ದಕ್ಕೂ ಈ ಜನರನ್ನು ಗುರುತಿಸಿದ್ದು ಅವರ ಧರ್ಮದಿಂದಲ್ಲ, ಭಾಷೆಯಿಂದಲ್ಲ, ಅವರು ತಂದ ಆಯುಧಗಳಿಂದ.

ಆಯುಧದ ಜತೆಗೆ ಬಂದ ಇತರ ವಸ್ತುಗಳಿಗೂ ಈ ಹೆಸರು ತಗುಲಿತು. ಪಪ್ಪಾಯಿ ನಮಗೆ ‘ಪರಂಗಿ ಹಣ್ಣು’. ತಮಿಳರಿಗೆ ‘ಪರಂಗಿಕ್ಕಾಯ್’ ಎಂದರೆ ಸಿಹಿಗುಂಬಳ. ಥಾಯ್‌ಲೆಂಡಿನಲ್ಲಿ ‘ಫರಾಂಗ್’ ಎಂದರೆ ಸೀಬೆಹಣ್ಣು. ಮೂರೂ ಅಮೆರಿಕಾ ಖಂಡದ ಫಲಗಳು. ಯುರೋಪಿನಲ್ಲಿ ಯಾವುದೂ ಹುಟ್ಟಿದ್ದಲ್ಲ. ತಂದವನ ಹೆಸರು ಬೆಳೆದ ನೆಲದ ಹೆಸರನ್ನು ಮರೆಸಿತು. 16ನೆಯ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಹಿಂದಿನ ಆಯುರ್ವೇದ ಗ್ರಂಥಗಳಲ್ಲಿಲ್ಲದ ಒಂದು ಹೊಸ ವ್ಯಾಧಿಯನ್ನು ‘ಫಿರಂಗರೋಗ’ ಎಂಬ ಹೆಸರಿನಿಂದ ವರ್ಣಿಸಿದ್ದಾನೆ. ಇಂದಿನ ವೈದ್ಯರು ಸಿಫಿಲಿಸ್ ಎನ್ನುವುದು ಇದನ್ನೇ. ಅದಕ್ಕೆ ಮದ್ದೆಂದು ಬಳಕೆಗೆ ಬಂದ ಚೋಪಚೀನಿ ಬೇರಿಗೆ ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ‘ಪರಂಗಿ ಚಕ್ಕೆ’ ಎಂದು ಹೆಸರು. ರೋಗವೂ ಪರಂಗಿ, ಔಷಧವೂ ಪರಂಗಿ.

ಸ್ಥಳನಾಮಗಳೂ ಹೀಗೆಯೇ. ಚೆನ್ನೈನ ಸೇಂಟ್ ಥಾಮಸ್ ಮೌಂಟ್ ತಮಿಳಿನಲ್ಲಿ ಪರಂಗಿಮಲೈ. ಬಂಟ್ವಾಳ ತಾಲ್ಲೂಕಿನಲ್ಲಿ ನೇತ್ರಾವತಿಯ ದಂಡೆಯ ಮೇಲೆ ಫರಂಗಿಪೇಟೆಯಿದೆ. ಅಲ್ಲಿನ ಹಳೆಯ ಕ್ರೈಸ್ತ ಮಠವನ್ನು ನೋಡಿದವರಿಗೆ ಆ ಹೆಸರಿನ ಪರಂಗಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಡಲೂರಿನ ತೆಂಕಣ ಪೋರ್ಟೊ ನೋವೊ ಪಟ್ಟಣಕ್ಕೆ ಪರಂಗಿಪೇಟೆ ಎಂದು ಹೆಸರು. ಈ ಊರು ಮೈಸೂರಿನ ಚರಿತ್ರೆಯಲ್ಲಿಯೂ ಬರುತ್ತದೆ. 1781ರ ಜುಲೈ 1ರಂದು ಹೈದರಾಲಿಗೂ ಕಂಪನಿಯ ಸೇನಾಪತಿ ಐರ್ ಕೂಟನಿಗೂ ಇಲ್ಲಿ ಕಾಳಗ ನಡೆದು ಹೈದರ್ ಹಿಮ್ಮೆಟ್ಟಿದನು. ಪೋರ್ಚುಗೀಸರಿಂದ ಪರಂಗಿಪೇಟೆಯೆನಿಸಿದ ಊರಿನಲ್ಲಿ ಕಾದಿದ ಕಂಪನಿಯವರೂ ಆ ವೇಳೆಗೆ ನಮ್ಮ ಜನರ ಬಾಯಲ್ಲಿ ಪರಂಗಿಗಳೇ ಆಗಿದ್ದರು. ಅದೇ ಕಾಲದಲ್ಲಿ ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರೂ ಪರಂಗಿಗಳೇ. ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಅವರ ಪಾಳೆಯದಿಂದ. ಆದಕಾರಣ 18ನೆಯ ಶತಮಾನದ ಮೈಸೂರಿಗೆ ಸಂಬಂಧಿಸಿದ ಬರಹದಲ್ಲಿ ಪರಂಗಿ ಎಂದು ಕಂಡರೆ ಅವನು ಶತ್ರುವೋ ಮಿತ್ರನೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು, ಶಬ್ದದಿಂದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ಫ್ರೆಂಚರ ಪ್ರಭಾವ ಮುಗಿಯಿತು. ಉಳಿದ ಪರಂಗಿಗಳು ಒಂದೇ ಬಗೆಯವರು. ಇಂದು ನಾವು ಕೊಡುವ ಅರ್ಥ ಆ ಬಳಿಕ ಗಟ್ಟಿಯಾದದ್ದು.

ಪಂಡಿತರು ಮಾತ್ರ ಈ ಮ್ಲೇಚ್ಛ ಶಬ್ದವನ್ನು ಮುಟ್ಟಲು ಹಿಂಜರಿದರು. 17ನೆಯ ಶತಮಾನದ ವೆಂಕಟಾಧ್ವರಿ ತನ್ನ ‘ವಿಶ್ವಗುಣಾದರ್ಶಚಂಪು’ವಿನಲ್ಲಿ ಚೆನ್ನಪಟ್ಟಣದ ಬಿಳಿಯರನ್ನು ‘ಹೂಣ’ರೆಂದು ಕರೆದಿದ್ದಾನೆ. ವಿಮಾನದಲ್ಲಿ ಸಂಚರಿಸುವ ಇಬ್ಬರು ಗಂಧರ್ವರಲ್ಲಿ ದೋಷೈಕದೃಷ್ಟಿಯ ಕೃಶಾನು ಅವರನ್ನು ದಯೆಯಿಲ್ಲದವರೆಂದೂ ಶೌಚವಿಲ್ಲದವರೆಂದೂ ಹಳಿದರೆ, ಗುಣಗ್ರಾಹಿ ವಿಶ್ವಾವಸು ಅವರು ಪರರ ಸೊತ್ತನ್ನು ಅನ್ಯಾಯವಾಗಿ ಅಪಹರಿಸುವವರಲ್ಲವೆಂದು ಮೆಚ್ಚುತ್ತಾನೆ. ಆ ಮೆಚ್ಚುಗೆಯನ್ನು ನೂರು ವರ್ಷ ತಡವಾಗಿ ಬರೆಯಬೇಕಾಗಿ ಬಂದಿದ್ದರೆ ಕವಿ ಏನು ಮಾಡುತ್ತಿದ್ದನೋ! ಹೂಣರಿಗೂ ಇಂಗ್ಲಿಷರಿಗೂ ಯಾವ ನಂಟೂ ಇಲ್ಲ. ಶಾಸ್ತ್ರಸಮ್ಮತವಾದ ಹಳೆಯ ಹೆಸರೊಂದು ಬೇಕಾಗಿತ್ತು, ಅಷ್ಟೆ.

ಕುಂಪಣಿಯ ವಿಷಯ ಸರಳ. ಅದು ‘ಕಂಪನಿ’ಯ ರೂಪಾಂತರ. 1857ರ ಹಲಗಲಿ ಬೇಡರ ದಂಗೆಯ ಲಾವಣಿ ಆಯುಧಗಳನ್ನು ಕಸಿದುಕೊಂಡ ಸರ್ಕಾರವನ್ನು ಈ ಹೆಸರಿನಿಂದಲೇ ಕರೆಯುತ್ತದೆ. ಅವರ ನಾಡಿಗೆ ನಮ್ಮ ಜನ ಇಟ್ಟ ಹೆಸರು ‘ವಿಲಾಯಿತಿ’. ಅರಬ್ಬಿಯ ‘ವಿಲಾಯತ್’ ಎಂದರೆ ಪ್ರಾಂತ, ರಾಜ್ಯ. ಈ ಹೆಸರನ್ನು ಅವರೇ ಎತ್ತಿಕೊಂಡರು: ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಅದು ‘ಬ್ಲೈಟಿ’ಯಾಗಿ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ತಾಯ್ನಾಡಿಗೆ ಪ್ರೀತಿಯ ಹೆಸರಾಯಿತು.

ಹಾಗಾದರೆ ಅವರ ಸ್ವಂತ ಹೆಸರು ಯಾವುದು? ‘ಆಂಗ್ಲ’ವೆಂಬುದು ಆಂಗಲ್ ಎಂಬ ಜನರದು. ಇಂದಿನ ಜರ್ಮನಿಯ ಬಡಗಣ ತುದಿಯ ಆಂಗೆಲ್ನ್ ಎಂಬ ಕಡಲಂಚಿನಿಂದ ಇವರು 5ನೆಯ ಶತಮಾನದಲ್ಲಿ ಸ್ಯಾಕ್ಸನ್ನರೊಡನೆ ಬ್ರಿಟನ್ನಿಗೆ ವಲಸೆ ಬಂದರು. ಆ ನೆಲದ ಕೊಕ್ಕೆಯ ಆಕಾರದಿಂದ ಹೆಸರು ಬಂದಿತೆಂಬ ಮತವಿದೆ. ಅದನ್ನು ಒಪ್ಪಿದರೆ ನಮ್ಮ ‘ಅಂಕುಶ’ ಇದಕ್ಕೆ ದೂರದ ದಾಯಾದಿ. ‘ಆಂಗ್ಲೇಯ’ ಎಂಬ ರೂಪ ಕೌಂತೇಯ, ಗಾಂಗೇಯಗಳ ಸಾಲಿನಲ್ಲಿ ನಿಂತು ಸಂಸ್ಕೃತದ ತದ್ಧಿತದಂತೆ ಶೋಭಿಸುತ್ತದೆ.

‘ಬ್ರಿಟಿಷ್’ ಎಂಬುದಂತೂ ಇಂಗ್ಲಿಷರದೇ ಅಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ನಾವಿಕ ಪೈಥಿಯಸನ ಮೂಲಕ ಹೊರಲೋಕಕ್ಕೆ ತಿಳಿದ ಈ ಹೆಸರು ಮೊದಲಿಗೆ ಪಕಾರಾದಿ, ಪ್ರೆಟ್ಟಾನಿ ಎಂಬಂತೆ ಇತ್ತು. ವೆಲ್ಷ್ ಭಾಷೆಯಲ್ಲಿ ಈಗಲೂ ಆ ದ್ವೀಪ ‘ಪ್ರಿಡೈನ್’. ಮೈಮೇಲೆ ಚಿತ್ರ ಬರೆದುಕೊಂಡವರು ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಬ್ರಿಟನ್ನರು ಮೈಗೆ ನೀಲಿ ಬಣ್ಣ ಬಳಿದುಕೊಳ್ಳುತ್ತಿದ್ದರೆಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ಈ ಬ್ರಿಟನ್ನರು ಆಂಗಲ್ ಮತ್ತು ಸ್ಯಾಕ್ಸನ್ನರಿಗಿಂತ ಮೊದಲಿನ ನೆಲವಾಸಿಗಳು. ಬಂದವರು ಅವರನ್ನು ಪಡುವಣಕ್ಕೆ ಒತ್ತಿದ್ದಲ್ಲದೆ ಅವರಿಗೆ ‘ವೆಲ್ಷ್’ ಎಂದು ಹೆಸರಿಟ್ಟರು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಪರಕೀಯ ಎಂದು. ಮೂಲನಿವಾಸಿಯನ್ನೇ ಪರಂಗಿಯೆಂದು ಕರೆದಂತಾಯಿತು. ಮುಂದೆ 1707ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ರಾಜ್ಯಗಳು ಒಂದಾದಾಗ ಇಬ್ಬರಿಗೂ ಸಲ್ಲುವ ಹೆಸರು ಬೇಕಾಗಿ, ಆ ಹಳೆಯ ಜನರ ಹೆಸರನ್ನೇ ಒಕ್ಕೂಟಕ್ಕೆ ಇಟ್ಟರು.

ಈ ಭೇದವನ್ನು ಕನ್ನಡ ನಾಡಿನ ಚರಿತ್ರೆ ಬರೆಯುವವರು ಮರೆಯುವಂತಿಲ್ಲ. ನಾವು ‘ಇಂಗ್ಲಿಷರು’ ಎಂದು ಸಲೀಸಾಗಿ ಬರೆಯುವವರಲ್ಲಿ ಎಷ್ಟು ಜನ ಇಂಗ್ಲೆಂಡಿನವರು? ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್, ಬಳ್ಳಾರಿ ಸೀಮೆಯ ಥಾಮಸ್ ಮನ್ರೋ, ಮೈಸೂರು ಮಲೆಯಾಳಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್, ಇವರು ಮೂವರೂ ಸ್ಕಾಟರು. ಆರ್ಥರ್ ವೆಲ್ಲೆಸ್ಲಿಯೂ ಐರ್ ಕೂಟನೂ ಹುಟ್ಟಿದ್ದು ಐರ್ಲೆಂಡಿನಲ್ಲಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮ್ಯಾನ್ ದ್ವೀಪದವನು. ಮೈಸೂರಿನ ಮೋಜಣಿ ನಡೆಸಿ ನಮ್ಮ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿಯ ಹುಟ್ಟೂರು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಇಂಗ್ಲಿಷರಿಗೆ ಬೇರೆಯೇ ಹೆಸರು, ‘ಸಾಸನಾಖ್’, ಅಂದರೆ ಸ್ಯಾಕ್ಸನ್.

1816ರಲ್ಲಿ ಥಾಮಸ್ ಹಿಕ್ಕಿ ಬರೆದ ಮೆಕೆಂಜಿಯ ವರ್ಣಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಅವನ ಭಾರತೀಯ ಸಹಾಯಕರು ನಿಂತಿದ್ದಾರೆ. ಅವರಲ್ಲೊಬ್ಬರು ಜೈನ ಪಂಡಿತ ಧರ್ಮಯ್ಯ. ದೂರದ ಬೆಟ್ಟದ ಮೇಲೆ ಗೊಮ್ಮಟನ ಮೂರ್ತಿ ಕಾಣುತ್ತದೆ. ಹಿಕ್ಕಿ ಡಬ್ಲಿನ್ನಿನವನು. ಬರೆದವನು ಐರಿಷ್, ಬರೆಯಿಸಿಕೊಂಡವನು ಸ್ಕಾಟ್. ನಾವು ಇಂಗ್ಲಿಷರ ಕಾಲದ್ದೆನ್ನುವ ಆ ಚಿತ್ರದಲ್ಲಿ ಇಂಗ್ಲಿಷರವನು ಒಬ್ಬನೂ ಇಲ್ಲ.